ಹತ್ತನೆಯ ವಚನಕ್ಕೇ ನಿಂತ ಪೋಸ್ಟ್: ಇಸ್ರೇಲ್ ಫೊಲಾವ್ ಪ್ರಕರಣದ ಅಧ್ಯಯನ

2019ರ ಏಪ್ರಿಲ್ 6ರಂದು ಆಕ್ಲೆಂಡ್‌ನಲ್ಲಿ ನಡೆದ ಪಂದ್ಯದಲ್ಲಿ ಆಸ್ಟ್ರೇಲಿಯದ ರಗ್ಬಿ ಆಟಗಾರ ಇಸ್ರೇಲ್ ಫೊಲಾವ್ ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿ ತಮ್ಮ 60ನೇ ‘ಟ್ರೈ’ ಗಳಿಸಿದರು. ಹಲವು ದೇಶಗಳ ತಂಡಗಳು ಆಡುವ ಸೂಪರ್ ರಗ್ಬಿ ಪಂದ್ಯಾವಳಿಯ ಇತಿಹಾಸದಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಟ್ರೈ ಗಳಿಸಿರಲಿಲ್ಲ. ಏಪ್ರಿಲ್ 10ರಂದು ಅವರು ತಮ್ಮ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಒಂದು ಚಿತ್ರ ಹಾಕಿದರು. ಆ ಚಿತ್ರದ ಕಾರಣಕ್ಕೆ ದೇಶದ ರಗ್ಬಿ ಮಂಡಳಿ ಮುಂದಿನ ತಿಂಗಳು ಅವರ ಒಪ್ಪಂದವನ್ನು ರದ್ದುಮಾಡಿತು. ಆ ದಾಖಲೆಯ ಪಂದ್ಯವೇ ಅವರು ಆಸ್ಟ್ರೇಲಿಯದ ತಂಡವೊಂದರ ಪರವಾಗಿ ಸೂಪರ್ ರಗ್ಬಿಯಲ್ಲಿ ಆಡಿದ ಕೊನೆಯ ಪಂದ್ಯವಾಯಿತು.

ಚಿತ್ರದಲ್ಲಿ ಅಕ್ಷರಗಳ ಹೊರತು ಬೇರೇನೂ ಇರಲಿಲ್ಲ. ಮೇಲೆ ದೊಡ್ಡದಾಗಿ ‘ಎಚ್ಚರಿಕೆ’ ಎಂಬ ಪದ. ಅದರ ಕೆಳಗೆ ಒಂದರಡಿ ಒಂದರಂತೆ ಎಂಟು ಬಗೆಯ ಜನ: ಕುಡುಕರು, ಸಲಿಂಗಕಾಮಿಗಳು, ವ್ಯಭಿಚಾರಿಗಳು, ಸುಳ್ಳುಗಾರರು, ಜಾರರು, ಕಳ್ಳರು, ನಾಸ್ತಿಕರು, ವಿಗ್ರಹಾರಾಧಕರು. ಅವರೆಲ್ಲರಿಗೂ ನರಕ ಕಾದಿದೆ, ಪಶ್ಚಾತ್ತಾಪಪಡಿರಿ, ಯೇಸು ಮಾತ್ರವೇ ರಕ್ಷಿಸುವಾತ ಎಂಬುದು ಉಳಿದ ಒಕ್ಕಣೆ. ಚಿತ್ರದ ಕೆಳಗೆ ಫೊಲಾವ್ ತಮ್ಮದೇ ಮಾತಿನಲ್ಲಿ, ಯೇಸು ನಿಮ್ಮನ್ನು ಪ್ರೀತಿಸುತ್ತಾನೆ, ಪಾಪದಿಂದ ತಿರುಗಿಕೊಳ್ಳಲು ಕಾಲಾವಕಾಶ ಕೊಡುತ್ತಿದ್ದಾನೆ ಎಂದು ಬರೆದು, ಸತ್ಯವೇದದ (ಬೈಬಲಿನ) ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದ ವಚನಗಳನ್ನು ಸೇರಿಸಿದ್ದರು. ಆಸ್ಟ್ರೇಲಿಯದಲ್ಲಿ ಎಲ್ಲರ ಕಣ್ಣೂ ಎರಡನೆಯ ಹೆಸರಿನ ಮೇಲೆ ನಿಂತಿತು. ಕುಡುಕರ ಪರವಾಗಿಯಾಗಲಿ ಸುಳ್ಳುಗಾರರ ಪರವಾಗಿಯಾಗಲಿ ಯಾರೂ ಸಿಟ್ಟಾಗಲಿಲ್ಲ. ಕರ್ನಾಟಕದಲ್ಲಿ ಕುಳಿತು ಓದುವವರಿಗೆ ಮೊದಲು ತಟ್ಟುವುದು ಎಂಟನೆಯ ಹೆಸರು. ಒಂದೇ ಪಟ್ಟಿಯಲ್ಲಿ ಯಾವ ಪದ ಚುಚ್ಚುತ್ತದೆ ಎಂಬುದು ಓದುವವನ ಊರನ್ನು ಅವಲಂಬಿಸಿದೆ ಎಂಬ ಈ ಸಂಗತಿಯನ್ನು ಆಸ್ಟ್ರೇಲಿಯದ ಚರ್ಚೆಯಲ್ಲಿ ಎರಡೂ ಕಡೆಯವರು ಗಮನಿಸಿದಂತೆ ಕಾಣುವುದಿಲ್ಲ.

ನಾನು ಸಂಪ್ರದಾಯನಿಷ್ಠ ಕ್ರೈಸ್ತ. ವಿವಾಹ ಗಂಡು ಹೆಣ್ಣಿನ ನಡುವಿನದು ಎಂಬ ಸಭೆಯ, ಅಂದರೆ ಚರ್ಚಿನ, ಪುರಾತನ ಬೋಧನೆಯನ್ನು ಒಪ್ಪುವವನು. ಪಾಪ, ನ್ಯಾಯತೀರ್ಪು, ಪಶ್ಚಾತ್ತಾಪ ಎಂಬ ಪದಗಳನ್ನು ಸಭಾವೇದಿಕೆಯಿಂದ ತೆಗೆದುಹಾಕಬೇಕೆಂದು ಬಯಸುವವನಲ್ಲ. ಆ ನಿಲುವಿನಿಂದ ನೋಡಿದಾಗ ಈ ಪ್ರಕರಣದಲ್ಲಿ ನನಗೆ ಎರಡು ಸಂಗತಿಗಳು ಏಕಕಾಲಕ್ಕೆ ನಿಜವೆನಿಸುತ್ತವೆ. ಫೊಲಾವ್ ಅವರನ್ನು ಕೆಲಸದಿಂದ ತೆಗೆದದ್ದು ಅನ್ಯಾಯ. ಅವರು ಹಾಕಿದ ಪೋಸ್ಟ್ ಸುವಾರ್ತೆಯ ಸಾಕ್ಷಿಯಾಗಿ ಬಹಳ ಕಳಪೆಯಾದದ್ದು. ನಮ್ಮ ಪಾಳೆಯದವರು ಮೊದಲನೆಯದನ್ನು ಮಾತ್ರ ಹೇಳಿದರು, ಎದುರು ಪಾಳೆಯದವರು ಎರಡನೆಯದನ್ನು ಮಾತ್ರ, ಅದೂ ಇನ್ನಷ್ಟು ಕಟುವಾಗಿ.

ಫೊಲಾವ್ 1989ರಲ್ಲಿ ಸಿಡ್ನಿಯ ಹೊರವಲಯದ ಮಿಂಟೊದಲ್ಲಿ, ಟೊಂಗಾ ಮೂಲದ ಕುಟುಂಬದಲ್ಲಿ ಹುಟ್ಟಿದವರು. ಮಾರ್ಮನ್ ಪಂಥದಲ್ಲಿ ಬೆಳೆದು, 2011ರಲ್ಲಿ ಅದನ್ನು ಬಿಟ್ಟು ಅಸೆಂಬ್ಲೀಸ್ ಆಫ್ ಗಾಡ್ ಸಭೆಗೆ ಸೇರಿದರು. ಮುಂದೆ ತಂದೆಯೇ ನಡೆಸುವ ಪುಟ್ಟ ಸಭೆಯಲ್ಲಿ ಬೋಧಿಸತೊಡಗಿದರು. ರಗ್ಬಿಯ ಇನ್ನೊಂದು ಬಗೆಯಾದ ರಗ್ಬಿ ಲೀಗ್ ಮತ್ತು ಆಸ್ಟ್ರೇಲಿಯನ್ ಫುಟ್‌ಬಾಲ್ ಎರಡನ್ನೂ ಆಡಿದ ಮೇಲೆ 2013ರಲ್ಲಿ ರಗ್ಬಿ ಯೂನಿಯನ್‌ಗೆ ಬಂದು, ರಾಷ್ಟ್ರೀಯ ತಂಡವಾದ ವಾಲಬೀಸ್ ಪರವಾಗಿ 73 ಟೆಸ್ಟ್ ಪಂದ್ಯಗಳನ್ನು ಆಡಿದರು. ಸಲಿಂಗಕಾಮಿಗಳ ಮೇಲೆ ಹಗೆ ಇಟ್ಟುಕೊಂಡ ಮನುಷ್ಯನೆಂದು ಅವರನ್ನು ಚಿತ್ರಿಸಲು ಹೊರಟವರಿಗೆ ಅಡ್ಡಿಯಾಗುವ ಒಂದು ಸಂಗತಿ ಇದೆ. 2014ರಲ್ಲಿ ಸಲಿಂಗಕಾಮಿ ರಗ್ಬಿ ತಂಡಗಳ ಬಿಂಗಮ್ ಕಪ್ ಪಂದ್ಯಾವಳಿ ಸಿಡ್ನಿಯಲ್ಲಿ ನಡೆದಾಗ, ಅದರ ಪ್ರಚಾರಕ್ಕಾಗಿ ಆ ಸಮುದಾಯದ ಪತ್ರಿಕೆಯಾದ ಸ್ಟಾರ್ ಅಬ್ಸರ್ವರ್‌ನ ಮುಖಪುಟದಲ್ಲಿ ಕಾಣಿಸಿಕೊಂಡವರು ಇದೇ ಫೊಲಾವ್. 2017ರಲ್ಲಿ ಸಲಿಂಗ ವಿವಾಹದ ಬಗ್ಗೆ ಅಂಚೆ ಮೂಲಕ ಜನಾಭಿಪ್ರಾಯ ಕೇಳಿದಾಗ ರಗ್ಬಿ ಮಂಡಳಿ ‘ಹೌದು’ ಪಕ್ಷದ ಪರ ಬಹಿರಂಗವಾಗಿ ನಿಂತಿತು. ಫೊಲಾವ್, ಎಲ್ಲರನ್ನೂ ಪ್ರೀತಿಸಿ ಗೌರವಿಸುತ್ತೇನೆ, ಆದರೆ ಇದನ್ನು ಬೆಂಬಲಿಸಲಾರೆ ಎಂದು ಸೌಮ್ಯವಾಗಿಯೇ ಹೇಳಿದರು. ಶೇ 61.6ರಷ್ಟು ಮಂದಿ ಹೌದು ಎಂದರು, ಕಾನೂನು ಬದಲಾಯಿತು. 2018ರ ಏಪ್ರಿಲ್‌ನಲ್ಲಿ ಸಲಿಂಗಕಾಮಿಗಳಿಗಾಗಿ ದೇವರ ಯೋಜನೆ ಏನು ಎಂದು ಇನ್‌ಸ್ಟಾಗ್ರಾಂನಲ್ಲಿ ಯಾರೋ ಕೇಳಿದ್ದಕ್ಕೆ, ಪಶ್ಚಾತ್ತಾಪಪಡದಿದ್ದರೆ ನರಕ ಎಂದು ಅವರು ಉತ್ತರಿಸಿದರು. ಆಗ ಗದ್ದಲವಾಯಿತು, ಮಾತುಕತೆಗಳಾದವು, ಶಿಕ್ಷೆಯಾಗಲಿಲ್ಲ. ಅದಾದ ಮೇಲೂ ಮಂಡಳಿ ಅವರೊಂದಿಗೆ 2022ರವರೆಗಿನ ಹೊಸ ಒಪ್ಪಂದ ಮಾಡಿಕೊಂಡಿತು. ಅದರ ಮೌಲ್ಯ ಸುಮಾರು 40 ಲಕ್ಷ ಆಸ್ಟ್ರೇಲಿಯನ್ ಡಾಲರ್ ಎಂದು ವರದಿಯಾಗಿತ್ತು. ನಂಬಿಕೆ ಏನೆಂದು ತಿಳಿದೇ ಸಹಿ ಹಾಕಿಸಿಕೊಂಡವರು ಒಂದು ವರ್ಷದೊಳಗೆ ಅದೇ ನಂಬಿಕೆಯ ಮಾತಿಗೆ ಬೆಚ್ಚಿಬಿದ್ದರು ಎಂಬುದನ್ನು ನಾನು ಸುಲಭವಾಗಿ ಬದಿಗಿಡಲಾರೆ. ಅದೇ ಮಾತನ್ನು ತಿರುಗಿಸಿ, ಒಮ್ಮೆ ಎಚ್ಚರಿಸಿದ ಮೇಲೂ ಆತ ಹಾಗೆಯೇ ಮಾಡಿದ ಎಂದು ಮಂಡಳಿಯವರು ವಾದಿಸಬಹುದು; ವಾದಿಸಿದರು ಕೂಡ.

ಶಿಸ್ತಿನ ಪ್ರಕ್ರಿಯೆ ವೇಗವಾಗಿ ನಡೆಯಿತು. ಪೋಸ್ಟ್ ಬಂದ ಮರುದಿನವೇ ರಗ್ಬಿ ಮಂಡಳಿಯಾದ ರಗ್ಬಿ ಆಸ್ಟ್ರೇಲಿಯ ಸಂಸ್ಥೆ ಒಪ್ಪಂದ ರದ್ದುಮಾಡುವ ಇಂಗಿತವನ್ನು ಬಹಿರಂಗಪಡಿಸಿತು. ಮೂವರು ಸದಸ್ಯರ ಸಮಿತಿ ವಿಚಾರಣೆ ನಡೆಸಿ, ಮೇ 7ರಂದು ನೀತಿಸಂಹಿತೆಯ ‘ಉನ್ನತ ಮಟ್ಟದ’ ಉಲ್ಲಂಘನೆಯಾಗಿದೆ ಎಂದಿತು. ಮೇ 17ರಂದು ಒಪ್ಪಂದ ರದ್ದಾಯಿತು. ನಡುವಿನ ಒಂದು ಭಾನುವಾರ ಫೊಲಾವ್ ತಮ್ಮ ಸಭೆಯಲ್ಲಿ ಮಾತನಾಡುತ್ತಾ, ಪರಿಸ್ಥಿತಿಯನ್ನು ಹಗುರಮಾಡಿಕೊಳ್ಳುವ ಅವಕಾಶಗಳು ತಮಗೆ ಬಂದಿದ್ದವು, ಕಣ್ಣಿಗೆ ಚೆಂದ ಕಾಣುವುದನ್ನು ನೀಡುವುದೇ ಸೈತಾನನ ರೀತಿ ಎಂಬರ್ಥದ ಮಾತು ಹೇಳಿದರು. ಪೋಸ್ಟ್ ಅಳಿಸಲು ಅವರು ಒಪ್ಪಲಿಲ್ಲ. ಮಂಡಳಿಯ ಒಳಗಿನ ಮೇಲ್ಮನವಿಯನ್ನೂ ಸಲ್ಲಿಸಲಿಲ್ಲ. ಅದೇ ಸಂಸ್ಥೆಯ ಮುಂದೆ ಮತ್ತೆ ನಿಲ್ಲುವುದರಿಂದ ನ್ಯಾಯ ಸಿಗುವ ಭರವಸೆ ಅವರಿಗಿರಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಆ ಮಾತನ್ನು ಯಾರು ಅದುಮಿದರು ಎಂಬುದು. ಸಾಮಾಜಿಕ ಜಾಲತಾಣಗಳು ಕ್ರೈಸ್ತರ ಬಾಯಿ ಮುಚ್ಚಿಸುತ್ತಿವೆ ಎಂಬ ದೂರು ನಮ್ಮಲ್ಲಿ ಸಾಮಾನ್ಯ. ಆದರೆ ಇನ್‌ಸ್ಟಾಗ್ರಾಂ ಈ ಪೋಸ್ಟನ್ನು ತೆಗೆಯಲಿಲ್ಲ. ಸರ್ಕಾರ ಮೊಕದ್ದಮೆ ಹೂಡಲಿಲ್ಲ. ಭಾರತದಲ್ಲಾಗಿದ್ದರೆ ಇಂಥ ಮಾತಿನ ಜಗಳ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುತ್ತಿತ್ತು, ಧಾರ್ಮಿಕ ಭಾವನೆಗೆ ಧಕ್ಕೆ ತರುವುದನ್ನು ಅಪರಾಧವೆನ್ನುತ್ತಿದ್ದ ಆಗಿನ ದಂಡ ಸಂಹಿತೆಯ 295ಎ ಕಲಂ ಹೆಸರು ಎಲ್ಲರ ಬಾಯಲ್ಲೂ ಬರುತ್ತಿತ್ತು. ಸಿಡ್ನಿಯಲ್ಲಿ ಅದು ನಡೆದದ್ದು ಉದ್ಯೋಗ ಒಪ್ಪಂದದ ಒಂದು ಕಲಮಿನ ಮೂಲಕ. ಹಿಂದೆ ಊರಿನಿಂದ ಬಹಿಷ್ಕಾರ ಹಾಕುವಾಗ ಪಂಚಾಯಿತಿಯಾದರೂ ಕೂಡುತ್ತಿತ್ತು, ಯಾರು ಯಾವ ಕಡೆಯವರೆಂದು ಕಾಣುತ್ತಿತ್ತು. ಈಗ ಕಾಗದದ ಮೇಲೆ ಇರುವುದು ಆಟಗಾರ ಮತ್ತು ಮಂಡಳಿ ಎಂಬ ಎರಡೇ ಪಕ್ಷಗಳು, ಹಣ ಕೊಡುವ ಮೂರನೆಯವರು ಕಾಗದದಲ್ಲಿ ಇರುವುದಿಲ್ಲ.

ಆ ಮೂರನೆಯವರು ಆಗ ವಾಲಬೀಸ್ ತಂಡದ ಮುಖ್ಯ ಪ್ರಾಯೋಜಕರಾಗಿದ್ದ ಕ್ವಾಂಟಾಸ್ ವಿಮಾನಯಾನ ಸಂಸ್ಥೆ. ಫೊಲಾವ್ ಅವರ ಮಾತು ತೀವ್ರ ನಿರಾಶೆ ತಂದಿದೆ, ಎಲ್ಲರನ್ನೂ ಒಳಗೊಳ್ಳುವ ತಮ್ಮ ಮನೋಭಾವಕ್ಕೆ ಅದು ಹೊಂದುವುದಿಲ್ಲ ಎಂದು ಸಂಸ್ಥೆ ಹೇಳಿಕೆ ನೀಡಿತು. ಪ್ರಾಯೋಜಕರಿಗೆ ತಮ್ಮ ಹೆಸರನ್ನು ಎಲ್ಲಿ ಹಾಕಬೇಕೆಂದು ತೀರ್ಮಾನಿಸುವ ಹಕ್ಕಿದೆ. ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಸಲಿಂಗ ಸಂಬಂಧವನ್ನು ಅಪರಾಧವೆಂದು ಪರಿಗಣಿಸುವ ದೇಶದ ಎಮಿರೇಟ್ಸ್ ವಿಮಾನಯಾನ ಸಂಸ್ಥೆಯ ಜೊತೆ 2013ರಿಂದ ಪಾಲುದಾರಿಕೆ ನಡೆಸುತ್ತಿದ್ದ ಸಂಸ್ಥೆಯ ಆತ್ಮಸಾಕ್ಷಿ ಒಬ್ಬ ಆಟಗಾರನ ಪೋಸ್ಟಿಗೆ ಮಾತ್ರ ಎಚ್ಚೆತ್ತಿತು ಎಂಬುದನ್ನು ಆಸ್ಟ್ರೇಲಿಯದ ಅನೇಕ ಸಂಪ್ರದಾಯನಿಷ್ಠರು ಎತ್ತಿ ತೋರಿಸಿದರು. ಆ ಟೀಕೆಗೆ ಸರಿಯಾದ ಉತ್ತರವನ್ನು ನಾನು ಇನ್ನೂ ಓದಿಲ್ಲ.

ಜಾಲತಾಣದ ಕತ್ತರಿ ನಿಜವಾಗಿ ಆಡಿದ್ದು ಜೂನ್‌ನಲ್ಲಿ, ಅದೂ ಮಾತಿನ ಮೇಲಲ್ಲ, ಹಣದ ಮೇಲೆ. ನ್ಯಾಯಾಲಯದ ವೆಚ್ಚಕ್ಕೆಂದು ಫೊಲಾವ್ ಗೋಫಂಡ್‌ಮಿ ತಾಣದಲ್ಲಿ 30 ಲಕ್ಷ ಡಾಲರ್ ಗುರಿಯ ದೇಣಿಗೆ ಸಂಗ್ರಹ ಆರಂಭಿಸಿದರು. ಕೆಲವೇ ದಿನಗಳಲ್ಲಿ ಏಳೂವರೆ ಲಕ್ಷ ಡಾಲರ್‌ಗೂ ಹೆಚ್ಚು ಹಣ ಬಂತು. ಜೂನ್ 24ರಂದು, ಭೇದಭಾವವನ್ನೂ ಹೊರಗಿಡುವಿಕೆಯನ್ನೂ ಉತ್ತೇಜಿಸುವುದನ್ನು ತಾನು ಸಹಿಸುವುದಿಲ್ಲ ಎಂದು ಹೇಳಿ ತಾಣ ಆ ಪುಟವನ್ನು ತೆಗೆದುಹಾಕಿ, ದಾನಿಗಳಿಗೆ ಹಣ ಹಿಂದಿರುಗಿಸಿತು. ಒಬ್ಬ ಮನುಷ್ಯ ತನ್ನ ಕೆಲಸಕ್ಕಾಗಿ ಕಾನೂನಿನ ಕದ ತಟ್ಟಲು, ಜನ ಸ್ವಇಚ್ಛೆಯಿಂದ ಕೊಟ್ಟ ಹಣವನ್ನು ಬಳಸುವುದು ಹೇಗೆ ಭೇದಭಾವದ ಉತ್ತೇಜನವಾಗುತ್ತದೆಂದು ಎಷ್ಟು ಯೋಚಿಸಿದರೂ ನನಗೆ ಅರ್ಥವಾಗಿಲ್ಲ. ಪೋಸ್ಟ್ ತಪ್ಪೆಂದೇ ಇಟ್ಟುಕೊಳ್ಳೋಣ. ತಪ್ಪು ಮಾಡಿದವನಿಗೂ ವಕೀಲನನ್ನು ಇಟ್ಟುಕೊಳ್ಳುವ ಹಕ್ಕಿಲ್ಲವೆ? ಇಡೀ ಪ್ರಕರಣದಲ್ಲಿ ಸೆನ್ಸಾರ್ ಎಂಬ ಪದ ಅನುಮಾನವಿಲ್ಲದೆ ಒಪ್ಪುವ ಜಾಗ ಇದೊಂದೇ.

ಆ ಕತ್ತರಿ ಫಲಿಸಲಿಲ್ಲ ಎಂಬುದು ಬೇರೆ ಮಾತು. ಮರುದಿನವೇ ಆಸ್ಟ್ರೇಲಿಯನ್ ಕ್ರಿಶ್ಚಿಯನ್ ಲಾಬಿ ಎಂಬ ಸಂಘಟನೆ ತಾನೇ ಒಂದು ಲಕ್ಷ ಡಾಲರ್ ಕೊಟ್ಟು ತನ್ನ ತಾಣದಲ್ಲಿ ಹೊಸ ಸಂಗ್ರಹ ತೆರೆಯಿತು. ಸುಮಾರು ಎರಡು ದಿನಗಳಲ್ಲಿ 20 ಲಕ್ಷ ಡಾಲರ್ ದಾಟಿದಾಗ ಅದನ್ನು ತಡೆಹಿಡಿಯಿತು. ನಮ್ಮವರು ಇದನ್ನು ದೊಡ್ಡ ಗೆಲುವೆಂದು ಸಂಭ್ರಮಿಸಿದರು. ನನಗೆ ಸ್ವಲ್ಪ ಮುಜುಗರವಾಯಿತು. ವರ್ಷಕ್ಕೆ ಲಕ್ಷಾಂತರ ಡಾಲರ್ ಸಂಬಳ ಪಡೆದ ಆಟಗಾರ ಕೈಯೊಡ್ಡಿದ್ದನ್ನು, ಕಾಯಿಲೆ ಬಿದ್ದ ಮಕ್ಕಳಿಗಾಗಿ ಅದೇ ಬಗೆಯ ತಾಣಗಳಲ್ಲಿ ಮನೆಮಂದಿ ಬೇಡುತ್ತಿರುವುದರ ಪಕ್ಕದಲ್ಲಿಟ್ಟು ನೋಡಿದ ಕ್ರೈಸ್ತರೂ ಆಸ್ಟ್ರೇಲಿಯದಲ್ಲಿ ಇದ್ದರು. ಅವರ ಪ್ರಶ್ನೆ ನ್ಯಾಯವಾದದ್ದೇ.

ಬಿಸಿ ಸುತ್ತಲಿನವರಿಗೂ ತಟ್ಟಿತು. ಪತ್ನಿ ಮರಿಯಾ ಫೊಲಾವ್ ಆಗ ನ್ಯೂಜಿಲೆಂಡ್ ನೆಟ್‌ಬಾಲ್ ತಂಡದ ಆಟಗಾರ್ತಿಯಾಗಿದ್ದರು. ಆಕೆ ಮಾಡಿದ್ದು ಗಂಡನ ದೇಣಿಗೆ ಪುಟವನ್ನು ಹಂಚಿಕೊಂಡದ್ದು ಮಾತ್ರ. ಅಷ್ಟಕ್ಕೇ ನ್ಯೂಜಿಲೆಂಡ್ ನೆಟ್‌ಬಾಲ್‌ನ ಪ್ರಾಯೋಜಕ ಬ್ಯಾಂಕಾದ ಎಎನ್‌ಜೆಡ್, ಆಕೆಯ ಅಭಿಪ್ರಾಯಗಳನ್ನು ತಾನು ಬೆಂಬಲಿಸುವುದಿಲ್ಲವೆಂದು ಪ್ರಕಟಣೆ ಹೊರಡಿಸಿತು. ಆಕೆ ಆಡುತ್ತಿದ್ದ ಕ್ಲಬ್‌ನ ಹೊಣೆ ಹೊತ್ತ ದಕ್ಷಿಣ ಆಸ್ಟ್ರೇಲಿಯದ ನೆಟ್‌ಬಾಲ್ ಸಂಸ್ಥೆ ಮಾತ್ರ ನಿಯಮ ಮುರಿದಿಲ್ಲವೆಂದು ಹೇಳಿ ಅಲ್ಲಿಗೆ ನಿಲ್ಲಿಸಿತು. ಮುಂದಿನ ತಿಂಗಳು ಆಕೆಯಿದ್ದ ತಂಡ ವಿಶ್ವಕಪ್ ಗೆದ್ದಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಇಂಗ್ಲೆಂಡಿನ ರಗ್ಬಿ ಆಟಗಾರ ಬಿಲ್ಲಿ ವುನಿಪೋಲಾ ಫೊಲಾವ್ ಅವರ ಪೋಸ್ಟಿಗೆ ಲೈಕ್ ಒತ್ತಿ, ಅದನ್ನು ಸಮರ್ಥಿಸಿ ಬರೆದದ್ದಕ್ಕೆ ಅಲ್ಲಿನ ರಗ್ಬಿ ಒಕ್ಕೂಟದಿಂದ ಅಧಿಕೃತ ಎಚ್ಚರಿಕೆ ಪಡೆದರು. ವಾಲಬೀಸ್ ತಂಡದ ಟನಿಯೆಲಾ ಟುಪೊ, ಹಾಗಾದರೆ ನನ್ನನ್ನೂ ಪೆಸಿಫಿಕ್ ದ್ವೀಪಗಳಿಂದ ಬಂದ ಉಳಿದೆಲ್ಲ ಆಟಗಾರರನ್ನೂ ತೆಗೆದುಹಾಕಿ, ನಮ್ಮೆಲ್ಲರ ಕ್ರೈಸ್ತ ನಂಬಿಕೆ ಅದೇ ಎಂಬರ್ಥದಲ್ಲಿ ಬರೆದುಕೊಂಡರು. ಟೊಂಗಾ, ಸಮೋವಾ, ಫಿಜಿಗಳಲ್ಲಿ ಭಾನುವಾರ ಇಡೀ ಊರು ಸಭೆಯಲ್ಲಿರುತ್ತದೆ. ಆ ದ್ವೀಪಗಳ ತೋಳ್ಬಲ ಬೇಕು, ಆ ತೋಳಿನೊಡನೆ ಬರುವ ನಂಬಿಕೆ ಬೇಡ ಎಂದರೆ ಅದು ಒಳಗೊಳ್ಳುವಿಕೆ ಎನಿಸುವುದು ಕಷ್ಟ.

ಇನ್ನು ಪೋಸ್ಟಿನ ಮಾತಿಗೆ ಬರುತ್ತೇನೆ, ಏಕೆಂದರೆ ನಮ್ಮ ಸಭೆಗಳಲ್ಲಿ ಇದನ್ನು ಯಾರೂ ಬಿಡಿಸಿ ನೋಡಲಿಲ್ಲ. ‘ಆತ ಸತ್ಯವೇದದ ವಚನ ಹಾಕಿದ್ದಕ್ಕೆ ಕೆಲಸ ಕಳೆದುಕೊಂಡ’ ಎಂಬುದು ನಮ್ಮವರು ಹೇಳುವ ರೀತಿ. ಚಿತ್ರದಲ್ಲಿದ್ದದ್ದು ವಚನವಲ್ಲ, ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಆರನೆಯ ಅಧ್ಯಾಯದ ಒಂಬತ್ತು ಮತ್ತು ಹತ್ತನೆಯ ವಚನಗಳನ್ನು ಯಾರೋ ತಮಗೆ ಬೇಕಾದಂತೆ ತಿದ್ದಿದ ಪಟ್ಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ವ್ಯತ್ಯಾಸ ಕಾಣುತ್ತದೆ. ಪೌಲನ ಪಟ್ಟಿಯಲ್ಲಿ ಇಲ್ಲದ ಸುಳ್ಳುಗಾರರು ಮತ್ತು ನಾಸ್ತಿಕರು ಚಿತ್ರದಲ್ಲಿ ಬಂದಿದ್ದಾರೆ. ಪೌಲನ ಪಟ್ಟಿಯಲ್ಲಿ ಇದ್ದ ಮೂವರು ಕಾಣೆಯಾಗಿದ್ದಾರೆ: ಲೋಭಿಗಳು, ಸುಲಿಗೆ ಮಾಡುವವರು ಮತ್ತು ಬೈಯುವವರು. ನಲವತ್ತು ಲಕ್ಷ ಡಾಲರ್ ಒಪ್ಪಂದವಿದ್ದವರ ಖಾತೆಯಲ್ಲಿ ಲೋಭಿಗಳು ಬಿಟ್ಟುಹೋದರೆಂದು ಕುಹಕವಾಡುವುದು ಸುಲಭ, ಅದನ್ನು ಬಿಡೋಣ. ಆದರೆ ಜಾಲತಾಣದಲ್ಲಿ ಹಾಕಿದ ಪಟ್ಟಿಯಿಂದ ಬೈಯುವವರೇ ಜಾರಿಹೋದದ್ದು ನನ್ನನ್ನು ಬಹಳ ದಿನ ಕಾಡಿತು.

ಅದಕ್ಕಿಂತ ದೊಡ್ಡ ಲೋಪ ಹನ್ನೊಂದನೆಯ ವಚನ. ಪೌಲನು ಪಟ್ಟಿ ಮುಗಿಸಿದ ಕೂಡಲೇ, ನಿಮ್ಮಲ್ಲಿಯೂ ಕೆಲವರು ಅಂಥವರೇ ಆಗಿದ್ದಿರಿ, ಆದರೆ ತೊಳೆಯಲ್ಪಟ್ಟಿರಿ ಎನ್ನುತ್ತಾನೆ. ಆ ಪತ್ರಿಕೆ ಬರೆದದ್ದು ಹೊರಗಿನವರಿಗಲ್ಲ, ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡಿಕೊಂಡು ಕೋರ್ಟಿಗೆ ಹೋಗುತ್ತಿದ್ದ ಸಭೆಯವರಿಗೆ. ಪಟ್ಟಿ ಓದುವವನು ತನ್ನನ್ನೇ ಅದರಲ್ಲಿ ಹುಡುಕಿಕೊಳ್ಳಬೇಕೆಂಬುದು ಅದರ ಉದ್ದೇಶ. ಚಿತ್ರ ಹತ್ತನೆಯ ವಚನಕ್ಕೇ ನಿಂತಿತು. ‘ನಾವು’ ಎಂಬುದು ಹೋಗಿ ‘ನೀವು’ ಮಾತ್ರ ಉಳಿಯಿತು. ಪೇತ್ರನು ತನ್ನ ಪತ್ರಿಕೆಯಲ್ಲಿ ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಅದನ್ನು ಸಾತ್ವಿಕತೆಯಿಂದ ಕೊಡಿರಿ ಎಂದು ಹೇಳಿದ್ದನ್ನೂ ನೆನೆಯಬೇಕು. 2018ರಲ್ಲಿ ಯಾರೋ ಕೇಳಿದ್ದರು, 2019ರಲ್ಲಿ ಯಾರೂ ಕೇಳಿರಲಿಲ್ಲ. ತನ್ನ ಸ್ವಭಾವದ ಬಗ್ಗೆ ಮನೆಯಲ್ಲಿ ಹೇಳಿಕೊಳ್ಳಲಾರದೆ ನರಳುವ ಹದಿನೇಳರ ಹುಡುಗನೊಬ್ಬ ತನ್ನ ನೆಚ್ಚಿನ ಆಟಗಾರನ ಖಾತೆಯಲ್ಲಿ ಇದನ್ನು ನೋಡಿದರೆ ಅವನಿಗೆ ತಲುಪುವುದು ಕೆಳಗಿನ ಸಣ್ಣ ಅಕ್ಷರದ ಪ್ರೀತಿಯಲ್ಲ, ಮೇಲಿನ ದಪ್ಪಕ್ಷರದ ನರಕ. ಬೋಧನೆಯನ್ನು ಬಿಟ್ಟುಕೊಡದೆಯೇ ಒಬ್ಬ ಸಭಾಪಾಲಕರು ಅದೇ ಹುಡುಗನೊಡನೆ ಒಂದು ಗಂಟೆ ಕುಳಿತು ಮಾತನಾಡಬಲ್ಲರು. ಪೋಸ್ಟ್ ಕುಳಿತುಕೊಳ್ಳುವುದಿಲ್ಲ.

ಇಷ್ಟೆಲ್ಲ ಒಪ್ಪಿದ ಮೇಲೂ, ಕಳಪೆ ಸಾಕ್ಷಿಗೆ ತಕ್ಕ ಶಿಕ್ಷೆ ಜೀವನೋಪಾಯ ಕಿತ್ತುಕೊಳ್ಳುವುದೆ ಎಂಬ ಪ್ರಶ್ನೆ ಉಳಿಯುತ್ತದೆ. ಕಾನೂನು ಇಲ್ಲಿ ಎಷ್ಟು ನೆರವಿಗೆ ಬರುತ್ತಿತ್ತು? ಆಸ್ಟ್ರೇಲಿಯದ ಸಂವಿಧಾನದಲ್ಲಿ ನಮ್ಮಲ್ಲಿರುವಂಥ ಮೂಲಭೂತ ಹಕ್ಕುಗಳ ಅಧ್ಯಾಯವಿಲ್ಲ. ಧರ್ಮದ ಬಗ್ಗೆ ಮಾತನಾಡುವ 116ನೇ ವಿಧಿ ಕಟ್ಟಿಹಾಕುವುದು ಒಕ್ಕೂಟ ಸರ್ಕಾರವನ್ನು, ಖಾಸಗಿ ಉದ್ಯೋಗದಾತರನ್ನಲ್ಲ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ತಾರತಮ್ಯ ವಿರೋಧಿ ಕಾನೂನಿನಲ್ಲಿ ಧಾರ್ಮಿಕ ನಂಬಿಕೆಯ ಹೆಸರೇ ಇರಲಿಲ್ಲ. ಉಳಿದದ್ದು 2009ರ ಫೇರ್ ವರ್ಕ್ ಕಾಯ್ದೆಯ 772ನೇ ಕಲಂ. ಧರ್ಮದ ಕಾರಣಕ್ಕೆ ನೌಕರನನ್ನು ವಜಾ ಮಾಡಬಾರದೆಂದು ಅದು ಹೇಳುತ್ತದೆ, ಮತ್ತು ಅದೇ ಕಾಯ್ದೆ, ಕಾರಣ ಅದಲ್ಲವೆಂದು ರುಜುವಾತುಪಡಿಸುವ ಹೊಣೆಯನ್ನು ಉದ್ಯೋಗದಾತರ ಮೇಲೆ ಹಾಕುತ್ತದೆ. ಹಾಗಾಗಿ ಇಡೀ ಮೊಕದ್ದಮೆ ಒಂದು ಪ್ರಶ್ನೆಯ ಮೇಲೆ ತೂಗುತ್ತಿತ್ತು: ಫೊಲಾವ್ ಕೆಲಸ ಕಳೆದುಕೊಂಡದ್ದು ನಂಬಿದ್ದಕ್ಕೋ, ನಂಬಿದ್ದನ್ನು ಹೇಳಿದ ಬಗೆಗೋ? ಮಂಡಳಿ ಎರಡನೆಯದು ಎನ್ನುತ್ತಿತ್ತು. ಸಾರುವುದೇ ಆಜ್ಞೆಯಾಗಿರುವ ಧರ್ಮದಲ್ಲಿ ಈ ಎರಡನ್ನು ಬೇರ್ಪಡಿಸಲಾಗುತ್ತದೆಯೇ ಎಂಬುದು ಆಸ್ಟ್ರೇಲಿಯದ ನ್ಯಾಯಾಧೀಶರೊಬ್ಬರು ತಲೆಕೆಡಿಸಿಕೊಳ್ಳಲು ಯೋಗ್ಯವಾದ ವಿಷಯವಾಗಿತ್ತು.

ಅದೇ ಹೊತ್ತಿಗೆ, 2019ರ ಆಗಸ್ಟ್ 7ರಂದು, ಅಲ್ಲಿನ ಹೈಕೋರ್ಟ್ (ಅದು ದೇಶದ ಅತ್ಯುನ್ನತ ನ್ಯಾಯಾಲಯ) ಬ್ಯಾನರ್ಜಿ ಪ್ರಕರಣದ ತೀರ್ಪು ಕೊಟ್ಟಿತು. ಹೆಸರು ಮರೆಸಿಕೊಂಡು ಸರ್ಕಾರದ ವಲಸೆ ನೀತಿಯನ್ನು ಟೀಕಿಸಿ ಟ್ವೀಟ್ ಮಾಡಿದ ಸರ್ಕಾರಿ ನೌಕರಳೊಬ್ಬಳ ವಜಾ ಸರಿಯೆಂದು ಎಲ್ಲ ನ್ಯಾಯಮೂರ್ತಿಗಳೂ ಒಪ್ಪಿದರು. ಆಕೆಯ ಪರವಾಗಿ ಸಂಪ್ರದಾಯನಿಷ್ಠ ಕ್ರೈಸ್ತರಿಂದ ದೊಡ್ಡ ದನಿಯೇನೂ ಕೇಳಿಬರಲಿಲ್ಲ. ಖಾಸಗಿ ಮಾಲೀಕರ ಸ್ವಾತಂತ್ರ್ಯ, ಒಪ್ಪಂದದ ಪಾವಿತ್ರ್ಯ ಎಂದು ದಶಕಗಳಿಂದ ಹೇಳುತ್ತಾ ಬಂದವರು ನಾವು. ಕೆಲಸದ ಹೊತ್ತಿನ ಆಚೆಗೆ ಆಡಿದ ಮಾತಿಗೆ ಕೆಲಸ ಹೋಗಬಾರದೆಂಬ ತತ್ವ ನಮಗೆ ನಮ್ಮವನೊಬ್ಬನ ಕೆಲಸ ಹೋದಾಗ ನೆನಪಾಯಿತು. ಫೊಲಾವ್ ಪ್ರಕರಣದಲ್ಲಿ ನಮ್ಮ ವಾದ ತೆಳ್ಳಗಾದದ್ದು ಇಲ್ಲಿಯೇ ಎಂದು ನನಗನಿಸುತ್ತದೆ.

ವಿಚಾರಣೆ 2020ರ ಫೆಬ್ರವರಿಗೆ ನಿಗದಿಯಾಗಿತ್ತು. ಪರಿಹಾರದ ಬೇಡಿಕೆ ಒಂದು ಕೋಟಿಯಿಂದ ಒಂದು ಕೋಟಿ 40 ಲಕ್ಷ ಡಾಲರ್‌ಗೆ ಏರಿತ್ತು. ಈ ನಡುವೆ ನವೆಂಬರ್‌ನಲ್ಲಿ ಕಾಡ್ಗಿಚ್ಚು ದೇಶವನ್ನು ಸುಡುತ್ತಿದ್ದಾಗ, ಅದನ್ನು ಸಲಿಂಗ ವಿವಾಹ ಮತ್ತು ಗರ್ಭಪಾತದ ಕಾನೂನುಗಳಿಗೆ ದೇವರು ತೋರಿಸಿದ ನ್ಯಾಯತೀರ್ಪಿನೊಂದಿಗೆ ಜೋಡಿಸಿ ಫೊಲಾವ್ ಪ್ರಸಂಗ ಮಾಡಿದರು. ಸ್ವತಃ ಪೆಂಟೆಕೋಸ್ಟಲ್ ವಿಶ್ವಾಸಿಯಾದ ಪ್ರಧಾನಿ ಸ್ಕಾಟ್ ಮಾರಿಸನ್ ಕೂಡ ಅದನ್ನು ಖಂಡಿಸಿದರು. ಡಿಸೆಂಬರ್ 4ರಂದು ರಾಜಿಯಾಯಿತು. ಹಣ ಎಷ್ಟೆಂದು ಪ್ರಕಟಿಸಲಿಲ್ಲ. ಜಂಟಿ ಹೇಳಿಕೆಯಲ್ಲಿ ಪೋಸ್ಟ್ ಫೊಲಾವ್ ಅವರ ಪ್ರಾಮಾಣಿಕ ಧಾರ್ಮಿಕ ನಂಬಿಕೆಯನ್ನು ತೋರುತ್ತಿತ್ತು, ಯಾರನ್ನೂ ನೋಯಿಸುವ ಉದ್ದೇಶ ಅವರಿಗಿರಲಿಲ್ಲ ಎಂದಿತ್ತು. ಮಂಡಳಿ ಅದರ ಒಳಮಾತನ್ನು ಒಪ್ಪುವುದಿಲ್ಲ ಎಂದೂ ಇತ್ತು. ಇಬ್ಬರೂ ಪರಸ್ಪರ ಕ್ಷಮೆ ಕೋರಿದ್ದರು. ಈ ಮೂರು ಮಾತುಗಳನ್ನು ಏಪ್ರಿಲ್‌ನಲ್ಲೇ ಒಂದು ಮೇಜಿನ ಸುತ್ತ ಕುಳಿತು ಬರೆಯಬಹುದಿತ್ತು. ಆಗ ಬರೆದಿದ್ದರೆ ಒಬ್ಬ ಆಟಗಾರ ಆ ವರ್ಷ ಜಪಾನಿನಲ್ಲಿ ನಡೆದ ವಿಶ್ವಕಪ್ ಆಡಬಹುದಿತ್ತು. ರಾಜಿಯಿಂದಾಗಿ ನ್ಯಾಯಾಲಯದ ಮುಂದಿದ್ದ ಪ್ರಶ್ನೆಗೆ ಉತ್ತರ ಬರಲೇ ಇಲ್ಲ; ಮುಂದಿನ ನೌಕರನಿಗೆ ತೋರಿಸಲು ಒಂದು ತೀರ್ಪೂ ಉಳಿಯಲಿಲ್ಲ.

ಉತ್ತರವನ್ನು ಸಂಸತ್ತಿನಿಂದ ಪಡೆಯುವ ಪ್ರಯತ್ನವೂ ನಡೆಯಿತು. 2019ರ ಆಗಸ್ಟ್‌ನಲ್ಲಿ ಮಾರಿಸನ್ ಸರ್ಕಾರ ಪ್ರಕಟಿಸಿದ ಧಾರ್ಮಿಕ ತಾರತಮ್ಯ ಮಸೂದೆಯ ಕರಡಿನಲ್ಲಿ ‘ಫೊಲಾವ್ ಕಲಂ’ ಎಂದೇ ಜನ ಕರೆದ ಒಂದು ನಿಯಮವಿತ್ತು. ವರ್ಷಕ್ಕೆ ಐದು ಕೋಟಿ ಡಾಲರ್ ಅಥವಾ ಹೆಚ್ಚು ಆದಾಯವಿರುವ ಉದ್ಯೋಗದಾತರು, ಕೆಲಸದ ಹೊತ್ತಿನ ಹೊರಗೆ ನೌಕರನು ತನ್ನ ನಂಬಿಕೆಯನ್ನು ಹೇಳಿಕೊಳ್ಳುವುದನ್ನು ತಡೆಯುವಂತಿಲ್ಲ, ಅದರಿಂದ ಸಂಸ್ಥೆಗೆ ಸಮರ್ಥಿಸಲಾಗದಷ್ಟು ಆರ್ಥಿಕ ಸಂಕಷ್ಟ ಒದಗುವುದಾದರೆ ಮಾತ್ರ ತಡೆಯಬಹುದು ಎಂದು ಅದು ಹೇಳುತ್ತಿತ್ತು. ಈ ವಾಕ್ಯದ ಕೊನೆಯ ಭಾಗವನ್ನು ಎರಡು ಸಲ ಓದಬೇಕು. ಪ್ರಾಯೋಜಕರೊಬ್ಬರು ಹಣ ನಿಲ್ಲಿಸುತ್ತೇವೆಂದು ಹೆದರಿಸಿದರೆ ಸಂಕಷ್ಟ ಒದಗಿತೆಂದೇ ಅರ್ಥ. ಆಗ ವಜಾ ನ್ಯಾಯಬದ್ಧ. ಹಾಗೆಂದರೆ ಯಾರ ಒತ್ತಡದಿಂದ ನೌಕರನನ್ನು ಕಾಪಾಡಬೇಕೋ ಅವರ ಕೈಗೇ ಬೀಗದ ಕೈ ಕೊಟ್ಟಂತಾಯಿತು. ಫೊಲಾವ್ ಅವರ ಹೆಸರು ಹೊತ್ತ ಕಲಂ ಫೊಲಾವ್ ಅವರನ್ನು ಉಳಿಸುತ್ತಿತ್ತೆಂದು ನನಗೆ ಖಾತ್ರಿಯಿಲ್ಲ.

2021ರ ನವೆಂಬರ್‌ನಲ್ಲಿ ಮಸೂದೆ ಸಂಸತ್ತಿಗೆ ಬಂದಾಗ ಆ ಕಲಂ ಅದರಲ್ಲಿ ಇರಲಿಲ್ಲ. 2022ರ ಫೆಬ್ರವರಿಯಲ್ಲಿ ರಾತ್ರಿಯಿಡೀ ಚರ್ಚೆ ನಡೆದು, ಐವರು ಆಡಳಿತ ಪಕ್ಷದ ಸದಸ್ಯರು ಒಂದು ತಿದ್ದುಪಡಿಯ ಮೇಲೆ ಎದುರು ಸಾಲಿಗೆ ಹೋಗಿ ಮತ ಹಾಕಿ, ಬೆಳಗಿನ ಜಾವ ಕೆಳಮನೆ ಮಸೂದೆಗೆ ಒಪ್ಪಿಗೆ ನೀಡಿತು. ಸರ್ಕಾರ ಅದನ್ನು ಸೆನೆಟ್‌ನಲ್ಲಿ ಮುಂದಕ್ಕೆ ಒಯ್ಯದೆ ಕೈಬಿಟ್ಟಿತು. ಫ್ರಾನ್ಸಿನ ಕೆಟಲಾನ್ಸ್ ಡ್ರ್ಯಾಗನ್ಸ್ ಪರವಾಗಿ ಮತ್ತೆ ರಗ್ಬಿ ಲೀಗ್ ಆಡಿದ್ದ ಫೊಲಾವ್, ಅದೇ ವರ್ಷ ತಮ್ಮ ಹಿರಿಯರ ನಾಡಾದ ಟೊಂಗಾದ ಅಂಗಿ ತೊಟ್ಟು ಮೈದಾನಕ್ಕಿಳಿದರು.